ಮೂರು ಮನೆಯವರ ಸಂವಿಧಾನ

ಕಾಮಾಕ್ಷಿಪಾಳ್ಯದ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಮೆರಿಕದ ಸಂವಿಧಾನ ನನ್ನ ಪಾಲಿಗೆ ಬಂದ ಪತ್ರಿಕೆ. ಫಿಲಡೆಲ್ಫಿಯಾದಲ್ಲಿ ಬೇಸಿಗೆಯಿಡೀ ಕಿಟಕಿ ಮುಚ್ಚಿಕೊಂಡು ಕೂತು ವಾದ ಮಾಡಿದ ಜನ, ದೊಡ್ಡ ರಾಜ್ಯಗಳಿಗೂ ಚಿಕ್ಕ ರಾಜ್ಯಗಳಿಗೂ ನಡೆದ ಜಗಳ, ಎರಡು ಸದನ, ಅಧ್ಯಕ್ಷನಿಗೆ ಎಷ್ಟು ಅಧಿಕಾರ, ಅವನು ಮೇರೆ ಮೀರಿದರೆ ಇಳಿಸುವುದು ಹೇಗೆ. ಎಷ್ಟು ಸಲ ಹೇಳಿದ್ದೆನೆಂದರೆ, ಬಾಯಿ ಪಾಠ ಮಾಡುತ್ತಿದ್ದರೂ ಮನಸ್ಸು ಮನೆಯಲ್ಲಿ ತೊಗರಿಬೇಳೆ ಮುಗಿದಿದೆಯೋ ಏನೋ ಎಂದು ಯೋಚಿಸುತ್ತಿರುತ್ತಿತ್ತು. ಆ ನೆಮ್ಮದಿಯನ್ನು ಕೆಡಿಸಿದವರು ನಮ್ಮ ದೊಡ್ಡಪ್ಪ.

ನಾಯಂಡಹಳ್ಳಿಯಲ್ಲಿ ನಮ್ಮ ತಾತನದೊಂದು ಹೊಲವಿತ್ತು. ನಾನು ಚಿಕ್ಕವಳಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಆಮೇಲೆ ಗೋಡೌನ್ ಬಂತು. ಮೆಟ್ರೊ ಬಂದ ಮೇಲೆ ಗೋಡೌನ್ ಕೆಡವಿ ಫ್ಲ್ಯಾಟುಗಳ ಕಟ್ಟಡ ಎಬ್ಬಿಸಿದರು. ಕೈಯಿಂದ ದುಡ್ಡು ಹಾಕಿ ಕಟ್ಟಿಸಿದವರು ದೊಡ್ಡಪ್ಪನಾದ್ದರಿಂದ ಅರ್ಧಕ್ಕಿಂತ ಹೆಚ್ಚು ಫ್ಲ್ಯಾಟು ಅವರವು. ತೀರಿಕೊಂಡ ನಮ್ಮಪ್ಪನ ಪಾಲಿಗೆ ಮೂರು: ಒಂದರಲ್ಲಿ ಅಮ್ಮ, ಒಂದರಲ್ಲಿ ನಾನು ಮತ್ತು ನನ್ನ ಗಂಡ, ಇನ್ನೊಂದು ಬಾಡಿಗೆಗೆ. ಅಪ್ಪನ ತಂಗಿ, ನನ್ನ ಸೋದರತ್ತೆಗೆ ನೆಲಮಹಡಿಯಲ್ಲಿ ಒಂದೇ ಒಂದು. ದೊಡ್ಡಪ್ಪನ ಫ್ಲ್ಯಾಟುಗಳ ತುಂಬ ಬಾಡಿಗೆದಾರರು, ಬಹಳ ಮಂದಿ ಉತ್ತರ ಕರ್ನಾಟಕದವರು.

ಆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ನೀರು ನೆಲದಡಿಯ ಸಂಪಿನೊಳಗೆ ಬಿದ್ದ ಮೇಲೆ ಯಾರಿಗೆ ಎಷ್ಟು ಹೊತ್ತು ಬಿಡಬೇಕೆಂಬುದು ಮೋಟರ್ ರೂಮಿನ ಬೀಗದ ಕೈ ಇದ್ದವರ ಇಷ್ಟ. ಅದು ದೊಡ್ಡಪ್ಪನ ಉಡಿದಾರದಲ್ಲಿತ್ತು. ಬೋರ್ಡಿನ ಮೇಲೆ ಎರಡು ಸದನಗಳ ಚಿತ್ರ ಬರೆಯುತ್ತಿದ್ದ ಒಂದು ಮಧ್ಯಾಹ್ನ ನನ್ನ ಫೋನು ಬಿಡದೆ ಅದುರತೊಡಗಿತು. ಹೊರಗೆ ಹೋಗಿ ಎತ್ತಿದೆ.

"ಕ್ಲಾಸಲ್ಲಿದೀನಿ ದೊಡ್ಡಪ್ಪ, ಆಮೇಲೆ ಮಾಡ್ತೀನಿ."

"ಆಮೇಲೆ ಗೀಮೇಲೆ ಇಲ್ಲ ಕಣಮ್ಮ. ನಿಮ್ಮತ್ತೆ ಮೋಟರ್ ರೂಮ್ ಬಾಗಿಲಿಗೆ ಅಡ್ಡ ಕುರ್ಚಿ ಹಾಕ್ಕೊಂಡು ಕೂತವ್ಳೆ. ಒಳಗೆ ಹೋಗೋಕೆ ಬಿಡ್ತಾ ಇಲ್ಲ. ಬೇಗ ಬಾ."

ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದವಳು ನಾಯಂಡಹಳ್ಳಿಯವರೆಗೂ ಬಾಗಿಲ ಹತ್ತಿರವೇ ನಿಂತಿದ್ದೆ. ಸೀಟು ಖಾಲಿಯಿದ್ದರೂ ಕೂರಲು ಮನಸ್ಸಾಗಲಿಲ್ಲ. ಹೋಗಿ ನೋಡಿದರೆ ಅತ್ತೆ ನಿಜಕ್ಕೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ದೊಡ್ಡಪ್ಪ ಗೇಟಿನ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದರು.

"ಇವನ ಮಗನ ವಾಟರ್ ಸರ್ವಿಸ್‌ಗೆ ನೀರದೆ, ನನ್ನ ಬಚ್ಚಲಿಗೆ ಇಲ್ವಂತೆ," ಎಂದರು ಅತ್ತೆ ನನ್ನನ್ನು ನೋಡಿ.

ದೊಡ್ಡಪ್ಪನ ಮಗ, ನಾನು ಅಣ್ಣ ಎಂದು ಕರೆಯುವವನು, ಕಟ್ಟಡದ ಪಕ್ಕದಲ್ಲೇ ಶೆಡ್ ಹಾಕಿಕೊಂಡು ಕಾರು, ಬೈಕು ತೊಳೆದುಕೊಡುವ ಕೆಲಸ ನಡೆಸುತ್ತಿದ್ದ. ಪೈಪು ನಮ್ಮ ಸಂಪಿನಿಂದಲೇ ಹೋಗಿತ್ತು. ಆ ದಿನ ಹೇಗೋ ಸಮಾಧಾನ ಮಾಡಿ ಅತ್ತೆಯನ್ನು ಎಬ್ಬಿಸಿದೆ. ಸಂಜೆ ದೊಡ್ಡಪ್ಪ ನನ್ನನ್ನು ಮೇಲೆ ಕರೆಸಿಕೊಂಡರು.

"ನೀನು ಅದ್ಯಾವ್ದೋ ದೇಶದ ಕಾನೂನು ಪಾಠ ಮಾಡ್ತೀಯಲ್ಲ, ನಮ್ಮ ಬಿಲ್ಡಿಂಗ್‌ಗೂ ಒಂದು ಬರ್ಕೊಡು. ಯಾರು ಏನು ಮಾಡ್ಬೇಕು, ಯಾರ ಮಾತು ನಡೀಬೇಕು, ಎಲ್ಲ ಇರ್ಲಿ. ಈ ದಿನಾ ರಂಪ ನನ್ ಕೈಲಾಗಲ್ಲ."

ನನಗೆ ಒಳಗೊಳಗೇ ಉತ್ಸಾಹ. ಒಪ್ಪಿಕೊಂಡೆ.

ಭಾನುವಾರ ದೊಡ್ಡಪ್ಪನ ಹಾಲಿನಲ್ಲಿ ಎಲ್ಲರೂ ಸೇರಿದೆವು. ದೊಡ್ಡಪ್ಪ, ಅವರ ಮಗ, ಅತ್ತೆ, ಅಮ್ಮ, ನಾನು. ಮೊದಲ ಪ್ರಶ್ನೆಗೇ ಗಾಡಿ ನಿಂತುಹೋಯಿತು. ವೋಟು ಹಾಕುವುದು ಹೇಗೆ?

"ಫ್ಲ್ಯಾಟಿಗೊಂದು ವೋಟು. ಅದ್ರಲ್ಲೇನು ಕೇಳೋದು?" ಎಂದರು ದೊಡ್ಡಪ್ಪ.

"ಹಂಗಾದ್ರೆ ನಾನ್ಯಾಕೆ ಬರ್ಲಿ ಮೀಟಿಂಗ್‌ಗೆ? ಎಲ್ಲ ನೀನೇ ಗೆಲ್ತೀಯ," ಎಂದರು ಅತ್ತೆ. "ನಮ್ಮಪ್ಪನಿಗೆ ಮಕ್ಕಳು ಮೂರು. ಮನೆ ಮೂರು. ಮನೆಗೊಂದು ವೋಟು."

"ಒಂದು ಫ್ಲ್ಯಾಟಿಟ್ಕೊಂಡು ನನ್ ಸಮ ಕೂತ್ಕೋತೀಯಾ?"

"ಹುಟ್ಟಿದ್ದು ಒಂದೇ ಹೊಟ್ಟೇಲಿ ತಾನೆ ಅಣ್ಣಯ್ಯ?"

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇದೇ ಮಾತು, ಬಹುತೇಕ ಇದೇ ಸಿಟ್ಟಿನಲ್ಲಿ, ಆ ಫಿಲಡೆಲ್ಫಿಯಾದ ಸಭೆಯಲ್ಲಿ ವಾರಗಟ್ಟಲೆ ನಡೆದಿತ್ತು. ಜನಸಂಖ್ಯೆಯ ಲೆಕ್ಕದಲ್ಲಿ ಪ್ರತಿನಿಧಿಗಳಿರಲಿ ಎಂದು ದೊಡ್ಡ ರಾಜ್ಯಗಳು. ಹಾಗಾದರೆ ನಮ್ಮನ್ನು ನುಂಗಿಹಾಕುತ್ತೀರಿ ಎಂದು ಚಿಕ್ಕ ರಾಜ್ಯಗಳು. ಪಾಠ ಮಾಡುವಾಗ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಎದುರಿಗೆ ಕೂತು ಕೇಳುವಾಗ ಗೊತ್ತಾಯಿತು, ಇಬ್ಬರ ಮಾತಿನಲ್ಲೂ ನ್ಯಾಯವಿದೆ, ಇಬ್ಬರೂ ಎದ್ದು ಹೋಗಿಬಿಡಬಹುದು.

ಅಲ್ಲಿ ಏನು ಮಾಡಿದರೋ ಅದನ್ನೇ ಇಲ್ಲೂ ಹೇಳಿದೆ. ಎರಡು ಲೆಕ್ಕ ಇರಲಿ. ಫ್ಲ್ಯಾಟಿಗೊಂದು ವೋಟಿನಂತೆ ಒಂದು ಸಲ, ಮನೆಗೊಂದು ವೋಟಿನಂತೆ ಇನ್ನೊಂದು ಸಲ. ಎರಡರಲ್ಲೂ ಗೆದ್ದರೆ ಮಾತ್ರ ನಿಯಮ. ಅಧ್ಯಕ್ಷರನ್ನು ಫ್ಲ್ಯಾಟಿನ ಲೆಕ್ಕದಲ್ಲಿ ಆರಿಸೋಣ. ನೀರು, ಮೋಟರು, ಕಸ ಅವರ ಉಸ್ತುವಾರಿ. ಆದರೆ ಅವರು ಒಪ್ಪಿದ ನಿಯಮ ಮೀರಿದರೆ ಮೂರರಲ್ಲಿ ಎರಡು ಮನೆಯವರು ಸೇರಿ ಅವರನ್ನು ಇಳಿಸಬಹುದು.

ದೊಡ್ಡಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನನ್ನನ್ನ ಇಳಿಸೋಕೂ ಒಂದು ಕಾನೂನು ಬರೀತೀಯಾ?"

"ನಿಮ್ಮನ್ನ ಅಂತಲ್ಲ ದೊಡ್ಡಪ್ಪ. ಅಧ್ಯಕ್ಷರು ಯಾರಾದ್ರೂ ಸರಿ."

"ಅಧ್ಯಕ್ಷ ನಾನೇ ಅಲ್ವಾ?"

ಅಣ್ಣ ಜೋರಾಗಿ ನಕ್ಕ. "ಬರ್ಕೊಳ್ಳಿ ಬಿಡಿ ಅಪ್ಪ, ಯಾರು ಇಳಿಸ್ತಾರೆ?" ಅಮ್ಮ ಯಾವತ್ತೂ ಭಾವನ ಎದುರು ಮಾತಾಡಿದವರಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆ ಧೈರ್ಯದಲ್ಲೇ ಇರಬೇಕು, ದೊಡ್ಡಪ್ಪ ಹೂಂ ಎಂದರು.

ಅಲ್ಲಿಂದ ಇಳಿದು ಬರುವಾಗ ಮೆಟ್ಟಿಲ ಮೇಲೆ ಮೂರನೆಯ ಮಹಡಿಯ ನರ್ಸ್ ಸಿಕ್ಕಳು. ಬಾಗಲಕೋಟೆಯ ಕಡೆಯವಳು, ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ. ಗಂಡ, ಮಗು, ಗಂಡನ ತಾಯಿಯ ಜೊತೆ ದೊಡ್ಡಪ್ಪನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಳು. ಎರಡು ಕೈಯಲ್ಲೂ ನೀರಿನ ಕ್ಯಾನು.

"ಮೇಡಮ್ಮಾರ, ರೂಲ್ಸ್ ಬರ್ಯಾಕತ್ತೀರಂತ. ನಮ್ಮ ಮಾತೂ ಕೇಳ್ತೀರೇನ್ರೀ?"

"ಮಾಲೀಕರ ಮೀಟಿಂಗ್ ಅದು," ಎಂದೆ, ಹೇಳುತ್ತಲೇ ಸಪ್ಪಗಾಗಿ.

"ಟ್ಯಾಂಕರ್ ಲೆಕ್ಕ ಹಾಕುವಾಗ ಮನ್ಯಾಗ ಎಷ್ಟ್ ಮಂದಿ ಅದೀರಿ ಅಂತ ಎಣಿಸ್ತೀರಿ. ಕೂಸನ್ನೂ ಎಣಿಸ್ತೀರಿ. ಮೀಟಿಂಗ್ ಅಂದ್ರ ನಾವು ಮಂದಿ ಅಲ್ಲೇನ್ರೀ?" ಸಿಟ್ಟಿನಲ್ಲಿ ಹೇಳಲಿಲ್ಲ. ಕ್ಯಾನು ಕೆಳಗಿಟ್ಟು ಕೈ ಒರೆಸಿಕೊಂಡು, ಮತ್ತೆ ಎತ್ತಿಕೊಂಡು ಹತ್ತಿಹೋದಳು.

ಮುಂದಿನ ಭಾನುವಾರ ಆ ಮಾತನ್ನು ನಾನು ಎತ್ತಿದೆ. ಬಾಡಿಗೆಯವರಿಗೂ ಒಂದು ವೋಟಿರಲಿ, ಕೊನೆಯ ಪಕ್ಷ ನೀರಿನ ವಿಷಯಕ್ಕಾದರೂ. ದೊಡ್ಡಪ್ಪ ಒಪ್ಪುವುದಿಲ್ಲವೆಂದು ಗೊತ್ತಿತ್ತು. ಅತ್ತೆ ಒಪ್ಪುತ್ತಾರೆಂದುಕೊಂಡಿದ್ದೆ. ಅವರೇ ಮೊದಲು ಬಾಯಿ ಹಾಕಿದರು.

"ಇವತ್ತು ಬಂದು ನಾಳೆ ಖಾಲಿ ಮಾಡೋರು. ಅವ್ರಿಗೇನು ಯಜಮಾನಿಕೆ? ಅದೆಲ್ಲ ಸೇರ್ಸಿದ್ರೆ ನಾನು ಸೈನ್ ಹಾಕಲ್ಲ ನೋಡು."

ದೊಡ್ಡಪ್ಪನೂ ಅತ್ತೆಯೂ ಆ ಬೇಸಿಗೆಯಲ್ಲಿ ಒಂದಾದದ್ದು ಅದೊಂದೇ ವಿಷಯಕ್ಕೆ. ನಾನು ವಾದ ಮಾಡಿದೆ, ಸೋತೆ. ಕೊನೆಗೆ, ಮೂರು ಮನೆಯವರೂ ಒಪ್ಪಿದರೆ ಯಾವ ನಿಯಮವನ್ನಾದರೂ ಮುಂದೆ ತಿದ್ದಬಹುದು ಎಂಬ ಸಾಲೊಂದನ್ನು ಸೇರಿಸುವುದಕ್ಕೆ ಒಪ್ಪಿಸಿದೆ. ಎಲ್ಲರೂ ಸಹಿ ಹಾಕಿದರು. ಅಣ್ಣ ಮೈಸೂರ್ ಪಾಕ್ ತರಿಸಿದ.

ಆ ವಾರ ಕಾಲೇಜಿನಲ್ಲಿ ಪಾಠ ಗುಲಾಮರ ಲೆಕ್ಕಕ್ಕೆ ಬಂದಿತ್ತು. ದಕ್ಷಿಣದ ರಾಜ್ಯಗಳು ತಮ್ಮ ಗುಲಾಮರನ್ನೂ ಜನಸಂಖ್ಯೆಗೆ ಸೇರಿಸಬೇಕೆಂದವು. ಕೊನೆಗೆ ಐದು ಜನ ಗುಲಾಮರನ್ನು ಮೂರು ಜನರೆಂದು ಎಣಿಸಲು ರಾಜಿಯಾಯಿತು. ವೋಟು ಆ ಗುಲಾಮರಿಗಲ್ಲ. ಅವರ ತಲೆಯೆಣಿಕೆಯಿಂದ ಬಲ ಬಂದದ್ದು ಒಡೆಯರಿಗೆ. ಹಿಂದಿನ ಬೆಂಚಿನಲ್ಲಿ ಯಾದಗಿರಿಯ ಹುಡುಗನೊಬ್ಬ ಎದ್ದು ನಿಂತ.

"ಬರೆದೋರಿಗೆ ಅದು ತಪ್ಪು ಅಂತ ಗೊತ್ತಿರಲಿಲ್ಲೇನ್ರೀ ಮೇಡಂ?"

"ಕೆಲವರಿಗೆ ಚೆನ್ನಾಗಿ ಗೊತ್ತಿತ್ತು," ಎಂದೆ. "ಅದಕ್ಕೇ ಇರಬೇಕು, ಗುಲಾಮ ಅನ್ನೋ ಪದವನ್ನೇ ಅವರು ಅದರಲ್ಲಿ ಬರೀಲಿಲ್ಲ. 'ಇತರ ವ್ಯಕ್ತಿಗಳು' ಅಂತ ಬರೆದ್ರು."

ಹೇಳಿ ಮುಗಿಸಿ ಹಾಜರಿ ಪುಸ್ತಕ ತೆರೆದೆ. ನಾನು ಬರೆದುಕೊಟ್ಟ ನಿಯಮಗಳಲ್ಲಿ ಬಾಡಿಗೆದಾರರನ್ನು 'ಇತರ ನಿವಾಸಿಗಳು' ಎಂದು ಕರೆದಿದ್ದೆ. ಬೇಕೆಂದು ಬರೆದದ್ದಲ್ಲ, ಕೈಗೆ ಬಂದ ಪದ. ಬಾಡಿಗೆದಾರರೆಲ್ಲಿ, ಗುಲಾಮರೆಲ್ಲಿ! ಬೇಡವಾದರೆ ಮನೆ ಬಿಟ್ಟು ಹೋಗಬಲ್ಲವರನ್ನು ಕೊಳ್ಳಲ್ಪಟ್ಟು ಮಾರಲ್ಪಟ್ಟ ಮನುಷ್ಯರ ಪಕ್ಕ ಇಟ್ಟು ನೋಡುವುದು ಆ ಮನುಷ್ಯರಿಗೇ ಅವಮಾನ. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೂ ಆ ದಿನದಿಂದ ಮೂರನೆಯ ಮಹಡಿಯ ಮೆಟ್ಟಿಲಲ್ಲಿ ಯಾರ ಹೆಜ್ಜೆ ಸದ್ದು ಕೇಳಿದರೂ ಕಾಲು ಸರಸರ ಮನೆಯೊಳಗೆ ಹೋಗುತ್ತಿತ್ತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಟ್ಯಾಂಕರೂ ಸರಿಯಾಗಿ ಬಾರದಂತಾಯಿತು. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಎಲ್ಲ ಮಹಡಿಗೂ ಸಮನಾಗಿ ನೀರು ಬಿಡಬೇಕು, ಶೆಡ್ಡಿಗೆ ಸಂಪಿನ ನೀರಿಲ್ಲ ಎಂದು ನಿಯಮವಿತ್ತು. ಅಧ್ಯಕ್ಷರಾದ ದೊಡ್ಡಪ್ಪ ಅದನ್ನು ಸ್ವಲ್ಪ ದಿನ ನಡೆಸಿದರು. ಒಂದು ದಿನ ನಾನು ಕಾಲೇಜಿಗೆ ಹೊರಟಾಗ ಶೆಡ್ಡಿನಲ್ಲಿ ಟ್ಯಾಕ್ಸಿಗಳ ಸಾಲು, ಪೈಪಿನಿಂದ ನೀರು ಚಿಮ್ಮುತ್ತಿತ್ತು. ಮೇಲಿನ ಎರಡು ಮಹಡಿಗೆ ಬೆಳಗಿನಿಂದ ಒಂದು ಹನಿಯೂ ಹತ್ತಿರಲಿಲ್ಲ. ಬಾಡಿಗೆಯವರು ಗೇಟಿನ ಹತ್ತಿರ ಗುಂಪಾಗಿ ನಿಂತಿದ್ದರು. ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಯೂನಿಫಾರ್ಮಿನಲ್ಲೇ ಇದ್ದಳು.

"ಎಲ್ಲಾರೂ ಕೂಡೇ ಖಾಲಿ ಮಾಡ್ತೀವ್ರೀ ಮೇಡಂ. ಕೆಂಗೇರಿ ಕಡೆ ನೋಡಾಕತ್ತೀವಿ."

ದೊಡ್ಡಪ್ಪನನ್ನು ಕೇಳಿದೆ. "ಮಗನಿಗೆ ಇಎಂಐ ಕಟ್ಬೇಕು ಕಣಮ್ಮ. ಎರಡು ದಿನ ಅಡ್ಜಸ್ಟ್ ಮಾಡ್ಕೊಳ್ಳಲಿ," ಎಂದರು. ಎರಡು ದಿನ ವಾರವಾಯಿತು. ಅತ್ತೆ ಸಭೆ ಕರೆದರು.

ಸಭೆಯ ಹಿಂದಿನ ದಿನವೆಲ್ಲ ನಾನು ಟೆರೇಸಿನ ಮೇಲೆ ಸುತ್ತು ಹಾಕಿದೆ. ಮೆಟ್ರೊ ಬರುವುದು ಹೋಗುವುದು ಕಾಣುತ್ತಿತ್ತು, ವೃಷಭಾವತಿಯ ನಾತ ಗಾಳಿ ಬೀಸಿದಾಗಲೆಲ್ಲ ಬಂದು ಹೋಗುತ್ತಿತ್ತು. ದೊಡ್ಡಪ್ಪ ಒಂದು ಮನೆ. ಅವರು ತಮ್ಮ ಪರವೇ. ಅತ್ತೆ ಒಂದು ಮನೆ; ಅವರು ವಿರುದ್ಧ. ಉಳಿದದ್ದು ನಮ್ಮ ಮನೆ, ನಮ್ಮ ಮನೆಯ ವೋಟು ಅಮ್ಮನದು. ಅಪ್ಪ ಹೋದಾಗ ನನ್ನ ಓದಿಗೆ, ಮದುವೆಗೆ ನಿಂತವರು ಇದೇ ದೊಡ್ಡಪ್ಪ. ಅಮ್ಮ ಹಾರ ಕಟ್ಟಲು ಮೊಗ್ಗು ಜೋಡಿಸುತ್ತ ಕೂತಿದ್ದರು. ಏನು ಮಾಡುತ್ತೀಯಮ್ಮ ಎಂದು ಕೇಳಲು ಮೂರು ಸಲ ಹೋದೆ, ಮೂರು ಸಲವೂ ಬೇರೇನೋ ಮಾತಾಡಿ ಬಂದೆ.

ಕೊನೆಗೆ ಅಮ್ಮನೇ ಕೇಳಿದರು, "ಯಾಕೆ ಹಿಂಗೆ ಒಳಗೂ ಹೊರಗೂ ಓಡಾಡ್ತಾ ಇದೀಯ? ಕಾಲು ನೋಯಲ್ವಾ?"

ಸಭೆಯಲ್ಲಿ ಅತ್ತೆ ನಿಯಮ ಓದಿದರು. ದೊಡ್ಡಪ್ಪ ಎದುರಿಗಿದ್ದ ಕಾಫಿ ಮುಟ್ಟಲಿಲ್ಲ. ಅಣ್ಣ ಗೋಡೆಗೊರಗಿ ಫೋನು ನೋಡುತ್ತಿದ್ದ. ಅಧ್ಯಕ್ಷರನ್ನು ಇಳಿಸಬೇಕೆಂದು ಅತ್ತೆ ಹೇಳಿ, ತಮ್ಮ ಮನೆಯ ವೋಟು ಹಾಕಿದರು. ಎಲ್ಲರೂ ಅಮ್ಮನ ಕಡೆ ತಿರುಗಿದೆವು. ಅಮ್ಮ ಸೆರಗು ಹೊದ್ದುಕೊಂಡು ಎದ್ದು ನಿಂತರು. ಭಾವನ ಎದುರು ಕೂತು ಮಾತಾಡಿ ಅವರಿಗೆ ರೂಢಿಯಿಲ್ಲ.

"ಭಾವ, ನಮ್ಮನೆಯವರು ಹೋದಾಗ ನೀವಿಲ್ದಿದ್ರೆ ನಾವು ಬೀದೀಲಿ ಇರ್ತಿದ್ವಿ. ಅದನ್ನ ನಾನು ಸಾಯೋತನಕ ಮರೆಯಲ್ಲ." ಅಷ್ಟು ಹೇಳಿ ನಿಂತರು. ಮುಗಿಯಿತು ಎಂದುಕೊಂಡೆ. "ಆದ್ರೆ ಮೇಲೆ ಬಾಣಂತಿಯೊಬ್ಳು ಅವ್ಳೆ ಭಾವ. ಬಟ್ಟೆ ಒಗೆಯೋಕೆ ನೀರಿಲ್ಲ. ಬೀಗದ ಕೈ ಕೊಟ್ಬಿಡಿ."

ದೊಡ್ಡಪ್ಪ ಎದ್ದರು. ಕೈ ಸೊಂಟಕ್ಕೆ ಹೋಯಿತು, ಅಲ್ಲೇ ನಿಂತಿತು. ಯಾರನ್ನೂ ನೋಡದೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೀಗದ ಕೈ ಅವರ ಜೊತೆಯೇ ಹೋಯಿತು.

"ಈಗೇನು ಮಾಡ್ತೀಯ ಲೆಕ್ಚರರ್?" ಎಂದ ಅಣ್ಣ.

ಒಬ್ಬ ಮನುಷ್ಯ ಹೋಗುವುದಿಲ್ಲ ಎಂದು ಕೂತರೆ ಬರೆದಿಟ್ಟ ಸಾಲುಗಳು ತಾವಾಗಿ ಎದ್ದು ಬಂದು ಅವನ ಕೈ ಹಿಡಿಯುವುದಿಲ್ಲ. ಇಷ್ಟು ವರ್ಷ ಪಾಠ ಮಾಡಿದ ನನಗೆ ಅದು ಹೊಟ್ಟೆಯೊಳಗೆ ಇಳಿದದ್ದು ಆ ಮುಚ್ಚಿದ ಬಾಗಿಲ ಮುಂದೆ.

ಮಾರನೆಯ ಬೆಳಗ್ಗೆ ನಾನು ಬೇಗನೆ ಎದ್ದು ಕಿಟಕಿಯ ಹತ್ತಿರ ನಿಂತೆ. ದೊಡ್ಡಪ್ಪ ಇಳಿದು ಬಂದರು, ಮೋಟರ್ ರೂಮ್ ತೆಗೆದರು. ಎಲ್ಲ ಮಹಡಿಗೂ ನೀರು ಹತ್ತಿತು. ಶೆಡ್ಡಿನ ಪೈಪು ಒಣಗಿಕೊಂಡಿತ್ತು. ಸಂಜೆಯೂ ಹಾಗೆಯೇ. ನಿಯಮದಂತೆ ನೀರು ಬಿಡುತ್ತಿದ್ದರು, ಆದರೆ ಬೀಗದ ಕೈ ಕೊಡಲಿಲ್ಲ, ಯಾರೊಡನೆಯೂ ಮಾತಿಲ್ಲ. ಇದಕ್ಕೆ ಏನೆನ್ನಬೇಕೋ ತಿಳಿಯದೆ ಅತ್ತೆ ದಿನಕ್ಕೆ ಹತ್ತು ಸಲ ನನ್ನನ್ನು ಕರೆದು, "ಇಳಿದ್ನಾ, ಇಳಿದಿಲ್ವಾ? ನೀನೇ ಹೇಳು," ಎನ್ನುತ್ತಿದ್ದರು.

ಕೊನೆಗೊಂದು ಸಂಜೆ ಮೇಲೆ ಹೋದೆ. ದೊಡ್ಡಪ್ಪ ಬಾಲ್ಕನಿಯಲ್ಲಿದ್ದರು. ಪಕ್ಕದ ಕುರ್ಚಿ ತೋರಿಸಿದರು. ರಸ್ತೆಯ ಕಡೆ ನೋಡುತ್ತಲೇ ಕೇಳಿದರು.

"ಆ ದೇಶದಲ್ಲಿ ಮೊದಲನೇ ಅಧ್ಯಕ್ಷ ಅಂತ ಒಬ್ಬ ಇದ್ನಲ್ಲ, ಅವನ್ನ ಯಾರು ಇಳಿಸಿದ್ರು?"

"ಯಾರೂ ಇಳಿಸ್ಲಿಲ್ಲ ದೊಡ್ಡಪ್ಪ. ಎರಡು ಸಲ ಆಗಿದ್ದ. ಇನ್ನೊಂದು ಸಲ ನಿಂತಿದ್ರೂ ಗೆಲ್ತಿದ್ದ. ಸಾಕು ಅಂತ ತಾನೇ ಬಿಟ್ಟು ಹೋದ."

"ಹೋಗಿ ಏನು ಮಾಡ್ದ?"

"ಊರಿಗೆ ಹೋಗಿ ಜಮೀನು ನೋಡ್ಕೊಂಡಿದ್ದ."

ದೊಡ್ಡಪ್ಪ ತಲೆದೂಗಿದರು. "ಅವನಿಗೆ ಹೋಗೋಕೆ ಜಮೀನಿತ್ತು ಕಣಮ್ಮ."

ನಾನು ಬಾಲ್ಕನಿಯ ಕೆಳಗೆ ನೋಡಿದೆ. ಅವರು ಎತ್ತು ಹೂಡಿದ್ದ ನೆಲದ ಮೇಲೆ ನಾವು ಎರಡು ಮಹಡಿ ಎತ್ತರದಲ್ಲಿ ಕೂತಿದ್ದೆವು. ಇಷ್ಟು ದಿನ ಬೀಗದ ಕೈಯನ್ನು ಮಗನ ಶೆಡ್ಡಿಗಾಗಿ ಹಿಡಿದುಕೊಂಡಿದ್ದಾರೆ ಎಂದುಕೊಂಡಿದ್ದೆ. ಬೆಳಗ್ಗೆ ಎದ್ದರೆ ನೀರು ಹಾಯಿಸುವುದೊಂದು ಅವರಿಗೆ ಉಳಿದಿದ್ದ ಬೇಸಾಯ. ಆ ಅಧ್ಯಕ್ಷನ ಜಮೀನಿನಲ್ಲಿ ದುಡಿಯುತ್ತಿದ್ದವರು ಗುಲಾಮರೆಂಬುದನ್ನೂ ಹೇಳಬೇಕಿತ್ತು.

"ಮೋಟರ್ ಹಾಕೋ ಕೆಲ್ಸ ನೀವೇ ಮಾಡಿ ದೊಡ್ಡಪ್ಪ," ಎಂದೆ. "ಎಷ್ಟು ಹೊತ್ತು, ಯಾರಿಗೆ ಅನ್ನೋದು ಮಾತ್ರ ಮೀಟಿಂಗ್ ಹೇಳ್ಲಿ."

"ಅಂದ್ರೆ ಆಳಾಗಿರು ಅಂತೀಯ."

"ಅಲ್ಲಿ ಅಧ್ಯಕ್ಷನೂ ಹಾಗೇ ಇರ್ಬೇಕು ಅಂತ ಬರೆದಿರೋದು."

ಅವರಿಗೆ ನಗು ಬಂತು, ತಡೆದುಕೊಂಡರು. ಮುಂದಿನ ಭಾನುವಾರ ಸಭೆಗೆ ಬಂದು ಬೀಗದ ಕೈಯನ್ನು ಟೀಪಾಯಿಯ ಮೇಲಿಟ್ಟರು. ದೊಡ್ಡಪ್ಪನ ಫ್ಲ್ಯಾಟುಗಳ ವೋಟಿನಿಂದಲೇ ಅತ್ತೆ ಅಧ್ಯಕ್ಷರಾದರು. ಮೋಟರಿನ ಕೆಲಸವನ್ನು ದೊಡ್ಡಪ್ಪನಿಗೇ ಬಿಡುವುದೆಂದು ಅತ್ತೆ ಹೇಳಿದ್ದು, ಅಳುತ್ತ ಹೇಳಿದ್ದು ನನಗೆ ಆಶ್ಚರ್ಯ. ಅದೇ ಸಭೆಯಲ್ಲಿ ನಾನು ತಿದ್ದುಪಡಿಯ ಮಾತು ತೆಗೆದೆ. ಬಾಡಿಗೆದಾರರು ಆರಿಸಿದ ಒಬ್ಬರು ಸಭೆಗೆ ಬರಲಿ, ಅವರಿಗೊಂದು ವೋಟಿರಲಿ. ಮೂರು ಮನೆಯೂ ಒಪ್ಪಬೇಕಿತ್ತು. ಅಮ್ಮ ಹೂಂ ಎಂದರು. ಎಲ್ಲರೂ ಖಾಲಿ ಮಾಡಿಕೊಂಡು ಹೋಗುವ ಭಯ ಇನ್ನೂ ಹೋಗಿರದ ದೊಡ್ಡಪ್ಪ, ನೀರಿನ ವಿಷಯಕ್ಕಾದರೆ ಸರಿ, ಬೇರೆಯದಕ್ಕಿಲ್ಲ ಎಂದರು. ಅತ್ತೆಯೂ ಅಷ್ಟಕ್ಕೇ ಒಪ್ಪಿದರು. 'ಇತರ ನಿವಾಸಿಗಳು' ಎಂಬುದನ್ನು ಹೊಡೆದುಹಾಕಿ 'ಬಾಡಿಗೆದಾರರು' ಎಂದು ನಾನೇ ಬರೆದೆ.

ಮುಂದಿನ ಸಭೆಗೆ ಬಾಡಿಗೆದಾರರ ಪ್ರತಿನಿಧಿಯಾಗಿ ನರ್ಸ್ ಬಂದಳು. ಒಳಗೆ ಬಂದವಳು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದಳು. ಅಮ್ಮ ಸೋಫಾದಲ್ಲಿ ಸರಿದು ಜಾಗ ಕೊಟ್ಟರು. ನೀರಿನ ಮಾತು ಬೇಗ ಮುಗಿಯಿತು, ಅಷ್ಟರಲ್ಲಿ ಒಂದೆರಡು ಒಳ್ಳೆಯ ಮಳೆಯೂ ಆಗಿತ್ತು. ಅವಳು ಏಳಲಿಲ್ಲ.

"ಇನ್ನೊಂದು ಐತ್ರೀ. ಲಿಫ್ಟ್ ಕೆಟ್ಟು ತಿಂಗಳಾತು. ನಮ್ಮ ಅತ್ತಿಯವ್ರಿಗೆ ಮೊಣಕಾಲ್ ನೋವು, ಕೆಳಗ ಇಳಿದಿಲ್ಲ."

"ನಿನಗೆ ನೀರಿನ ವಿಷಯ ಮಾತ್ರ ಕಣಮ್ಮ," ಎಂದರು ಅಧ್ಯಕ್ಷರಾದ ನಮ್ಮ ಅತ್ತೆ, ಯಾವ ಕಹಿಯೂ ಇಲ್ಲದೆ, ನಿಯಮದ ಹಾಳೆಯ ಮೇಲೆ ಬೆರಳಿಟ್ಟು.

ನಾನು ಎದ್ದು ನಿಂತೆ. ಇನ್ನೊಂದು ತಿದ್ದುಪಡಿ ಎಂದೆ. ಅಣ್ಣ ಹಣೆ ಚಚ್ಚಿಕೊಂಡ. ಅತ್ತೆ ನನ್ನನ್ನು ಕೂರಿಸಲು ನೋಡಿದರು, ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು, ಎಲ್ಲರೂ ಒಟ್ಟಿಗೆ ಮಾತಾಡತೊಡಗಿದೆವು. ಆ ಗಲಾಟೆಯ ನಡುವೆ ನರ್ಸ್ ದನಿ ಏರಿಸದೆ ಲಿಫ್ಟಿನ ವಿಷಯ ಹೇಳುತ್ತಲೇ ಹೋದಳು, ಮೊದಲಿನಿಂದ ಕೊನೆಯವರೆಗೆ, ಅಮ್ಮನಿಗೆ.